ದೋಷದ ಕಾಲಮ್ಮಿಗೆ ಬಿದ್ದ ಟ್ಯಾಸಿಟರ್ನ್

ನಾನು ಒಂದು ಇಂಗ್ಲಿಷ್ ವಿಶೇಷಣ. ಹೆಸರು ಟ್ಯಾಸಿಟರ್ನ್. ಲ್ಯಾಟಿನ್ನಿನಲ್ಲಿ ‘ಸುಮ್ಮನಿರು’ ಎನ್ನುವ ಕ್ರಿಯಾಪದದ ವಂಶದಲ್ಲಿ ಹುಟ್ಟಿದೆ. ನನ್ನ ನಾಮಪದ ಟ್ಯಾಸಿಟರ್ನಿಟಿ ನನಗಿಂತ ಎಷ್ಟೋ ಮೊದಲೇ ಇಂಗ್ಲಿಷಿಗೆ ಬಂದು ಮನೆ ಮಾಡಿತ್ತು. ನಾನು ಹದಿನೆಂಟನೆಯ ಶತಮಾನದಲ್ಲಿ ನಿಧಾನಕ್ಕೆ ಹಿಂದಿನಿಂದ ಬಂದೆ. ಹುಟ್ಟುಗುಣದಿಂದಲೇ ಮಾತು ಕಡಿಮೆ ಇರುವವರಿಗೆ ನನ್ನನ್ನು ಹಚ್ಚುತ್ತಾರೆ. ಮಾತೇ ಬಾರದವರಿಗೆ ನಾನು ಸಲ್ಲುವುದಿಲ್ಲ, ಒಂದು ದಿನ ಮುನಿಸಿಕೊಂಡು ಕೂತವರಿಗೂ ಸಲ್ಲುವುದಿಲ್ಲ. ಹೊಗಳುವವರು ನನ್ನನ್ನು ಕರೆಯುವುದು ಅಪರೂಪ.

ಧಾರವಾಡದ ಒಂದು ಪರೀಕ್ಷಾ ಕಚೇರಿಗೆ ದೇವಗಿರಿ ಸಾಹೇಬರ ನಿಘಂಟಿನಲ್ಲಿ ಬಂದೆ. ವರ್ಷಕ್ಕೊಮ್ಮೆ ಕೈಕೆಳಗಿನವರ ಗೌಪ್ಯ ವರದಿ ಬರೆಯುವಾಗ ಒಬ್ಬೊಬ್ಬರಿಗೂ ಒಂದು ಭಾರಿ ವಿಶೇಷಣ ಹುಡುಕುವುದು ಅವರ ಶೋಕಿ.

ಸುಮಿತ್ರಾ ಹಂಚಿನಮನಿ ಅಲ್ಲಿ ಪ್ರಶ್ನೆಪತ್ರಿಕೆಯ ಕರಡು ಓದಿ ಮೊಹರು ಹಾಕುವ ಗುಮಾಸ್ತೆ. ಹತ್ತೊಂಬತ್ತು ವರ್ಷ ಅದೇ ಕುರ್ಚಿ. ಆ ವರ್ಷ ಸೂಪರಿಂಟೆಂಡೆಂಟ್ ಹುದ್ದೆಗೆ ಅವರದೇ ಸರದಿ. ಸಾಹೇಬರ ಮಗಳದು ಅದೇ ವರ್ಷ ಪರೀಕ್ಷೆ.

“ಸುಮಿತ್ರಾಬಾಯಾರ, ಗಣಿತದಾಗ ಯಾವ ಪಾಠ ಜೋರು ಬಂದೈತ್ರಿ?” ಎಂದು ಸಾಹೇಬರು ಚಹಾ ಹೀರುತ್ತ ಕೇಳಿದರು. ಸುಮಿತ್ರಾ ಅರಗು ಕರಗಿಸುತ್ತಿದ್ದರು, ತಲೆ ಎತ್ತಲಿಲ್ಲ. ಸಾಹೇಬರು ಮೂರು ಸಲ ಕೇಳಿ ಎದ್ದುಹೋದರು. ಮುಂದಿನ ತಿಂಗಳು ಸುಮಿತ್ರಾ ಅವರ ವರದಿಯಲ್ಲಿ, ‘ದೋಷಗಳು’ ಎಂಬ ಕಾಲಮ್ಮಿನಲ್ಲಿ ನನ್ನನ್ನು ಒಂಟಿಯಾಗಿ ಕೂರಿಸಿದರು.

ದೋಷ ಬರೆದರೆ ನೌಕರರಿಗೆ ತಿಳಿಸಿ ವಿವರಣೆ ಕೇಳಬೇಕೆಂಬುದು ಅಲ್ಲಿನ ನಿಯಮ. ಪತ್ರ ಬಂದಾಗ ಸುಮಿತ್ರಾ ನಿಘಂಟು ತೆರೆದು ನನ್ನನ್ನು ನೋಡಿದರು. ‘ಬರೆದದ್ದು ನಿಜ’ ಎಂದು ಒಂದೇ ಸಾಲಿನ ಉತ್ತರ ಕೊಟ್ಟರು.

“ತಲಿ ಕೆಟ್ಟೈತೇನ್ರಿ? ಒಪ್ಕೊಂಡ್ರ ಬಡ್ತಿ ಹೋತಲ್ರಿ!” ಎಂದು ಪಕ್ಕದ ಮೇಜಿನ ಭರಮಪ್ಪ ಹಣೆ ಚಚ್ಚಿಕೊಂಡ. ಸುಮಿತ್ರಾಗೂ ಭಯವಿತ್ತು. ಆದರೆ ಸುಳ್ಳು ಬರೆಯಲು ಕೈ ಬರಲಿಲ್ಲ.

ಬಡ್ತಿ ಸಮಿತಿಯ ಅಧ್ಯಕ್ಷೆ ವರದಿ ತಿರುವಿ ಕೇಳಿದರು, “ಅಲ್ರೀ, ನೀವು ಸಾಹೇಬ್ರ ಜೋಡಿ ಮಾತಾಡೂದಿಲ್ಲೇನು?”

“ಮಾತಾಡ್ತೀನ್ರಿ. ಪ್ರಶ್ನೆಪತ್ರಿಕಿ ವಿಷಯ ಬಿಟ್ಟು.”

“ಯಾಕ, ಅದನ್ನ ಯಾರರ ಕೇಳಿದ್ರೇನು?”

ಸುಮಿತ್ರಾ ಬಾಯಿ ಬಿಡಲಿಲ್ಲ. ಸಮಿತಿಯ ಜೊತೆ ಕೂತಿದ್ದ ದೇವಗಿರಿ ಸಾಹೇಬರು ಫ್ಯಾನು ನೋಡತೊಡಗಿದರು. ಅಧ್ಯಕ್ಷೆ ಇಬ್ಬರ ಮುಖವನ್ನೂ ನೋಡಿ, ದೋಷದ ಕಾಲಮ್ಮಿನಲ್ಲಿದ್ದ ನನ್ನನ್ನು ಹೊಡೆದುಹಾಕಿದರು. ನಂತರ ‘ಗುಣಗಳು’ ಎಂಬಲ್ಲಿ ನನ್ನನ್ನೇ ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ನನ್ನ ಅರ್ಥ ಒಂದಿಷ್ಟೂ ಬದಲಾಗಿರಲಿಲ್ಲ. ಆದರೂ ನನಗೆ ಬಲು ಸಂತೋಷವಾಯಿತು.

ಈಗ ಆ ಕಡತ ದಾಖಲೆ ಕೋಣೆಯಲ್ಲಿ ಧೂಳು ತಿನ್ನುತ್ತಿದೆ, ಒಳಗೆ ನಾನಿದ್ದೇನೆ. ಸುಮಿತ್ರಾ ಸೂಪರಿಂಟೆಂಡೆಂಟ್ ಆಗಿಯೇ ನಿವೃತ್ತರಾದರು. ಸಾಹೇಬರು ಏನು ಕೇಳಿದ್ದರೆಂದು ಅವರು ಇಂದಿಗೂ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದ್ದು ನಾನು. ನನ್ನ ಅರ್ಥಕ್ಕೆ ತಕ್ಕಂತೆ ಬಾಳಿದವರು ಅವರು, ನಾನಲ್ಲ.