ಕಸುಬಿನ ಶನಿವಾರ

ಶೆಟ್ಟಿಕೊಪ್ಪದ ಹೂವಪ್ಪನ ಮನೆಯಲ್ಲಿ ಯಾವುದನ್ನೂ ಚೆನ್ನಾಗಿದೆ ಎಂದು ಹೇಳುವ ಪದ್ಧತಿ ಇರಲಿಲ್ಲ. ಕಣಜ ತುಂಬಿದ ವರ್ಷ ಯಾರಾದರೂ ಬೆಳೆ ಹೇಗೆ ಎಂದು ಕೇಳಿದರೆ ಹೂವಪ್ಪ, "ಎಂತ ಬೆಳೆ ಮಾರಾಯ, ಹಂದಿ ತಿಂದು ಬಿಟ್ಟಿದ್ದು ನಾವು ತಿನ್ನೋದು" ಎನ್ನುತ್ತಿದ್ದ. ದನ ಕರು ಹಾಕಿದರೆ ಅವನ ತಾಯಿ ಜಲಜಮ್ಮ, ನೋಡಲು ಬಂದವರು ಬಾಯಿ ತೆರೆಯುವ ಮೊದಲೇ, "ಕಾಲು ಸೊಟ್ಟ, ಉಳಿಯೋದಿಲ್ಲ ಅಂತ ಕಾಣ್ತದೆ" ಎಂದುಬಿಡುತ್ತಿದ್ದಳು. ಕರು ಆಗ ಅಂಗಳದಲ್ಲಿ ಕುಣಿಯುತ್ತಿರುತ್ತಿತ್ತು. ಚೆನ್ನಾಗಿದೆ ಎಂದರೆ ದೃಷ್ಟಿ ತಾಗುತ್ತದೆ. ಊರೆಲ್ಲ ಹೀಗೆಯೇ, ಹೂವಪ್ಪನ ಮನೆಯಲ್ಲಿ ಒಂದು ಹಿಡಿ ಹೆಚ್ಚು.

ಈ ಪದ್ಧತಿಗೆ ಇನ್ನೊಂದು ಮಗ್ಗುಲಿತ್ತು. ಅದು ಹೂವಪ್ಪನ ಮಗಳು ಸರೋಜಳಿಗೆ ಗೊತ್ತಿತ್ತು. ಹಿಂದಿನ ವರ್ಷ ಕೊಪ್ಪದ ನೆಂಟ ಪರಮೇಶ್ವರ ಊಟಕ್ಕೆ ಬಂದಿದ್ದಾಗ ಹೂವಪ್ಪ ಎಂದಿನಂತೆ, ಬೆಳೆ ಏನೂ ಇಲ್ಲ ಎಂದ. ಪರಮೇಶ್ವರ ಪಾಪ, ನಂಬಿಬಿಟ್ಟ. "ಹೌದು ಭಾವ, ಬರ್ತಾ ನೋಡ್ದೆ. ನಿಮ್ಮ ಗದ್ದೆ ಪೈರು ಸ್ವಲ್ಪ ಸೊರಗಿದೆ" ಎಂದ. ಅಷ್ಟೇ. ಎಲೆಯ ಮುಂದೆ ಕೂತವನನ್ನು ಹೂವಪ್ಪ ರಟ್ಟೆ ಹಿಡಿದು ಎಬ್ಬಿಸಿ, ಎಂಜಲು ಕೈಯಲ್ಲೇ ಗದ್ದೆಗೆ ಕರೆದೊಯ್ದು, ತೆನೆ ತೆನೆಯನ್ನೂ ಅವನ ಮೂಗಿನ ಹತ್ತಿರ ಹಿಡಿದು ತೋರಿಸಿದ. ಪರಮೇಶ್ವರ ಮಜ್ಜಿಗೆ ಅನ್ನ ಉಂಡದ್ದು ಹೊತ್ತು ಇಳಿದ ಮೇಲೆ.

ಅದು ಎರಡನೆಯ ಮಹಾಯುದ್ಧದ ಕಾಲ. ನರಸಿಂಹರಾಜಪುರದ ಶಾಲೆಗೆ ಮೈಸೂರಿನಲ್ಲಿ ತರಬೇತಿ ಪಡೆದ ಸೀತಾರಾಮ ಮೇಷ್ಟ್ರು ಹೊಸದಾಗಿ ಬಂದಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಕಸುಬಿನ ಯೋಚನೆ ಮಾಡಿದರೆ ತಡವಾಯಿತು, ಹನ್ನೊಂದು ಹನ್ನೆರಡನೆಯ ವಯಸ್ಸಿಗೇ ಅದರ ಪರಿಚಯ ಆಗಬೇಕು ಎಂಬುದು ಅವರು ತರಬೇತಿಯಿಂದ ತಂದ ವಿಚಾರ. ಬಂದ ವಾರವೇ ತರಗತಿಯ ಮೂವತ್ತನಾಲ್ಕು ಮಕ್ಕಳಿಗೆ, ಮುಂದೆ ಏನಾಗುತ್ತೀರಿ ಬರೆಯಿರಿ ಎಂದರು. ಮೂವತ್ತೊಂದು ಮಕ್ಕಳು ಅಮಲ್ದಾರ ಎಂದು ಬರೆದರು. ಇಬ್ಬರು ವಿನಯವಂತರು ಅಮಲ್ದಾರರ ಜವಾನ ಎಂದು ಬರೆದರು. ಒಂದು ತಾಲ್ಲೂಕಿಗೆ ಇಷ್ಟು ಅಮಲ್ದಾರರನ್ನು ಎಲ್ಲಿ ಕೂರಿಸುವುದೆಂದು ಮೇಷ್ಟ್ರು ತಲೆ ಹಿಡಿದುಕೊಂಡರು.

ಸರೋಜ ಏನೂ ಬರೆದಿರಲಿಲ್ಲ. ಅವಳನ್ನು ದೀಪಾವಳಿಯ ನಂತರ ಶಾಲೆ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಮೇಷ್ಟ್ರು ಬಿಡಲಿಲ್ಲ. ಪ್ರತಿ ಶನಿವಾರ ಊರಿನ ಒಬ್ಬ ಕಸುಬುದಾರ ಶಾಲೆಗೆ ಬಂದು ತನ್ನ ಕೆಲಸದ ವಿಷಯ ಹೇಳುವುದು, ಮಕ್ಕಳು ಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಕಸುಬಿನ ಗುಣ, ಇನ್ನೊಂದು ಕಡೆ ದೋಷ ಬರೆಯುವುದು ಎಂದು ಗೊತ್ತುಮಾಡಿದರು. ಸರೋಜ ಮನೆಗೆ ಬಂದು ಹೇಳಿದಾಗ ಜಲಜಮ್ಮ, "ಹನ್ನೆರಡು ತುಂಬ್ತು. ಇನ್ನು ಓದಿ ಎಂತ ಆಗ್ಬೇಕಂತೆ ಇವ್ಳು?" ಎಂದಳು. ಹೂವಪ್ಪ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ.

"ಹೀಗೆ ಮಾಡಾಣ. ಆ ಮೇಷ್ಟ್ರು ಕರೆಸೋ ಜನದಲ್ಲಿ, ಓದು ಬೇಕಾಗೋ ಕೆಲಸ ಮಾಡೋನು ಒಬ್ಬನಾದ್ರೂ 'ನನ್ನ ಕೆಲಸ ಒಳ್ಳೇದು' ಅಂತ ನನ್ನ ಕಿವಿಗೆ ಬೀಳೋ ಹಂಗೆ ಹೇಳ್ಲಿ. ದೀಪಾವಳಿ ಕಳೆದ್ರೂ ಶಾಲೆಗೆ ಕಳಿಸ್ತೀನಿ."

ಜಲಜಮ್ಮನಿಗೆ ನಗು ಬಂತು. ಮಗ ಜಾಣ ಎಂದುಕೊಂಡಳು, ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ಶನಿವಾರ ಬಂದವನು ಬಸ್ಸಿನ ವಾಸಪ್ಪ. ಕೊಪ್ಪಕ್ಕೆ ಹೋಗಿಬರುವ ಬಸ್ಸು ಅವನದು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ದೊಡ್ಡ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದಾಗ ಜನ ಇಳಿದು ತಳ್ಳುತ್ತಿದ್ದರು. ಸರೋಜ ದಿನಾ ಶಾಲೆಗೆ ಬರುತ್ತಿದ್ದದ್ದು ಅದರಲ್ಲೇ. ಸಂಜೆ ಆ ಬಸ್ಸು ಯಾವಾಗ ಹೊರಟೀತೆಂದು ವಾಸಪ್ಪನಿಗೂ ತಿಳಿಯದ ಕಾರಣ ಶಾಲೆಯ ಎದುರಿನ ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ಒಂದು ಗಂಟೆ, ಎರಡು ಗಂಟೆ ಕಾಯುತ್ತಿದ್ದಳು.

"ಇದು ಡ್ರೈವರ್ ಕೆಲಸ ಅಲ್ಲ ಮಕ್ಳೇ," ಎಂದ ವಾಸಪ್ಪ. "ಬಾಣಂತಿಗೆ ನೀರು ಕಾಯಿಸೋ ಕೆಲಸ. ಬೆಳಗಾಗೆದ್ದು ಒಲೆ ಊದೋದು. ಮುಖ ನೋಡಿ ನಂದು. ಮದುವೆಯಾದಾಗ ಬೆಳ್ಳಗಿದ್ದೆ. ಈ ಕೆಲಸಕ್ಕೆ ಬರೋನು ಪೂರ್ವಜನ್ಮದಲ್ಲಿ ಕತ್ತೆ ಕದ್ದಿರ್ಬೇಕು."

ಮಕ್ಕಳು ಅದನ್ನು ದೋಷದ ಕಡೆ ಬರೆದುಕೊಂಡರು.

ಎರಡನೆಯ ಶನಿವಾರ ಅಡಿಗೆಯ ಸುಬ್ಬಯ್ಯ. ಶೃಂಗೇರಿ ಕಡೆಯವನು. ಅವನ ಸಾರು ಉಂಡವರು ಬೀಗರ ಜಗಳ ಮರೆಯುತ್ತಾರೆಂದು ಮೂರು ತಾಲ್ಲೂಕಿನಲ್ಲೂ ಹೆಸರಿತ್ತು. "ಎಂತ ಹೇಳುದು," ಎಂದು ಉಸಿರು ಬಿಟ್ಟ. "ಹೊಗೆ, ಬೆವರು. ಉಪ್ಪು ಕಮ್ಮಿ ಅಂದ್ರೆ ಬೈಗುಳ, ಸರಿ ಇದ್ರೆ ಯಾರೂ ಮಾತೇ ಆಡುದಿಲ್ಲ. ಯಾವ ಮಾಣಿಗೂ ಈ ಕರ್ಮ ಬ್ಯಾಡ." ಮೂರನೆಯ ಶನಿವಾರ ಜವಳಿ ಅಂಗಡಿಯ ರೇಣುಕಪ್ಪ ಬಂದು, ಕೂತು ಕೂತು ತನ್ನ ಸೊಂಟಕ್ಕೆ ಆದ ಗತಿಯನ್ನು ಎದ್ದು ನಿಂತು, ಬಗ್ಗಿ, ಮತ್ತೆ ನಿಂತು ತೋರಿಸಿದರು.

ಮಕ್ಕಳ ಪುಸ್ತಕದಲ್ಲಿ ದೋಷದ ಕಡೆ ಹಾಳೆ ಸಾಲದಾಯಿತು. ಗುಣದ ಕಡೆ ಬೆಳ್ಳಗೆ ಉಳಿಯಿತು. ಬಾಳಗಡಿಯಿಂದ ಬಂದು ಅಜ್ಜಿಮನೆಯಲ್ಲಿದ್ದ ಒಬ್ಬ ಹುಡುಗನಂತೂ ಒಂದು ಕೊಡ ನೀರು ತಾ ಎಂದ ಅಜ್ಜನಿಗೆ, "ಎಲ್ಲಾ ಕೆಲಸವೂ ನಾಯಿ ಪಾಡು ಅಂತ ಶಾಲೇಲಿ ಪಾಠ ಆಗಿದೆ" ಎಂದು ಹೇಳಿ ಮಲಗಿದನಂತೆ. ಅಜ್ಜ ಶಾಲೆಗೇ ಬಂದ. ಅವನ ಹಿಂದೆ ಇನ್ನೂ ನಾಲ್ವರು ಬಂದರು.

ಸೀತಾರಾಮ ಮೇಷ್ಟ್ರು ಹೆದರಿದರು. ದೀಪಾವಳಿಗೆ ಮೊದಲಿನ ಕೊನೆಯ ಶನಿವಾರ ಹೆತ್ತವರೂ ಬರಬೇಕೆಂದು ಹೇಳಿಕಳಿಸಿ, ಆ ದಿನಕ್ಕೆ ಪೋಸ್ಟ್ ಮಾಸ್ಟರ್ ಕರಿಬಸವಯ್ಯನವರನ್ನು ಗೊತ್ತುಮಾಡಿದರು. ಹಣೆಯ ತುಂಬ ವಿಭೂತಿ, ತೂಕದ ಮಾತು, ಇಪ್ಪತ್ತೆರಡು ವರ್ಷದ ಸರ್ವೀಸು. ಹಿಂದಿನ ದಿನ ಹೋಗಿ ಕೈಮುಗಿದು, "ಎರಡೇ ಎರಡು ಒಳ್ಳೇ ಮಾತು ಸಾಕು ಸ್ವಾಮಿ" ಎಂದು ಕೇಳಿಕೊಂಡರು. ಕರಿಬಸವಯ್ಯನವರು ಒಪ್ಪಿದರು. ಸುಳ್ಳಲ್ಲ, ಮನಸಾರೆ ಒಪ್ಪಿದರು.

ಶನಿವಾರ ಶಾಲೆ ತುಂಬಿತು. ಹೂವಪ್ಪ ಹಿಂದುಗಡೆ ಕಂಬಕ್ಕೆ ಒರಗಿ ಕೂತಿದ್ದ. ಸರೋಜ ಅವನನ್ನು ನೋಡಿದಳು. ಓದು ಬೇಕಾಗುವ ಕೆಲಸದವರು, ಅಪ್ಪನ ಕಿವಿ, ದೀಪಾವಳಿ, ಮೂರೂ ಒಂದೇ ಕಡೆ ಸೇರುವುದು ಇದೊಂದೇ ದಿನ.

ಕರಿಬಸವಯ್ಯನವರು ಎದ್ದು ಗಂಟಲು ಸರಿಮಾಡಿಕೊಂಡರು. ಎದುರಿಗೆ ಅಷ್ಟು ಜನ. ಇಪ್ಪತ್ತೆರಡು ವರ್ಷದಿಂದ, ಕೆಲಸ ಹೇಗಿದೆ ಎಂದು ಯಾರು ಕೇಳಿದರೂ ಕೊಟ್ಟ ಉತ್ತರವೇ ನಾಲಿಗೆಗೆ ಬಂತು.

"ಅಂಚೆ ಕೆಲಸ ಅಂದ್ರೆ ಎಂತದ್ದೂ ಇಲ್ಲ," ಎಂದರು. "ಹಾಗೇ ನಡೀತದೆ. ದಿನವಿಡೀ ಕೂತು ಮುದ್ರೆ ಒತ್ತೋದು. ನಾಯಿ ಪಾಡು."

ಸೀತಾರಾಮ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೂವತ್ತಮೂರು ಸೀಸದ ಕಡ್ಡಿಗಳು ದೋಷದ ಕಡೆ ಓಡಿದವು. ಸರೋಜಳ ಕಡ್ಡಿ ಓಡಲಿಲ್ಲ. ಅವಳ ಕಣ್ಣಿಗೆ ಎಂಜಲು ಕೈಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತಿದ್ದ ಪರಮೇಶ್ವರ ಮಾವ ಕಾಣಿಸಿದ. ಎದ್ದು ನಿಂತಳು.

"ಹೌದು ಸಾರ್," ಎಂದಳು.

"ಏನು ಹೌದು?"

"ನೀವು ಹೇಳಿದ್ದು ಸಾರ್. ನಮ್ಮಪ್ಪನೂ ಅದೇ ಹೇಳ್ತಾರೆ. ಅಂಚೆ ಕೆಲಸದಲ್ಲಿ ಎಂತದ್ದೂ ಇಲ್ಲ, ಅಷ್ಟು ಮಾಡೋಕೆ ಓದು ಯಾಕೆ, ನಮ್ಮನೆ ಎತ್ತಿಗೆ ಕಲಿಸಿದ್ರೆ ಅದೂ ಮುದ್ರೆ ಒತ್ತುತ್ತೆ ಅಂತ."

ಹೂವಪ್ಪ ಈ ಮಾತನ್ನು ಮನೆಯಲ್ಲಿ ನಿಜವಾಗಿ ಆಡಿದ್ದ. ಈಗ ಕಂಬದ ಹಿಂದೆ ಹೋಗಲು ನೋಡಿದ. ಕಂಬ ತೆಳ್ಳಗಿತ್ತು.

ಕರಿಬಸವಯ್ಯನವರ ವಿಭೂತಿಯ ಕೆಳಗೆ ಹಣೆ ಕೆಂಪಾಯಿತು.

"ಯಾರು? ಹೂವಪ್ಪನಾ? ಬಾ ಇಲ್ಲಿ."

"ಅಲ್ಲ ಸ್ವಾಮಿ, ಹುಡುಗಿ ಏನೋ..."

"ಬಾ ಅಂದ್ರೆ ಬಾರಯ್ಯ! ನಿಮ್ಮ ಎತ್ತನ್ನೂ ಕರಿ!"

ರಟ್ಟೆ ಹಿಡಿದೇ ಎಳೆದುಕೊಂಡು ರಸ್ತೆ ದಾಟಿದರು. ಹಿಂದೆ ಮೇಷ್ಟ್ರು, ಮಕ್ಕಳು, ಹೆತ್ತವರು, ಬಸ್ಸು ಬಿಟ್ಟು ಬಂದ ವಾಸಪ್ಪ. ಅಂಚೆ ಕಚೇರಿಯಲ್ಲಿ ಕೂತಿದ್ದ ಜವಾನ ಗುರುವ, ದಂಗೆ ಎದ್ದಿತೆಂದು ಚೀಲಗಳನ್ನು ಅಪ್ಪಿಕೊಂಡ.

"ನೋಡು," ಎಂದು ಕರಿಬಸವಯ್ಯನವರು ಕಾಗದದ ಕಟ್ಟು ಬಿಚ್ಚಿದರು. "ಇದರ ವಿಳಾಸ 'ದೊಡ್ಡಮ್ಮನಿಗೆ, ಮಾವಿನ ಮರದ ಮನೆ'. ಇಷ್ಟೇ. ಯಾವ ದೊಡ್ಡಮ್ಮ? ಯಾವ ಮರ? ನನಗೆ ಗೊತ್ತು. ನಿನ್ನ ಎತ್ತಿಗೆ ಗೊತ್ತೇನು?"

"ಇಲ್ಲ ಸ್ವಾಮಿ."

"ಇಲ್ಲಿ ಬಾ. ಇದು ತಂತಿಯ ಯಂತ್ರ. ಕಟಕಟ ಅನ್ನೋದು ಕೇಳ್ತಾ? ನಿನಗೆ ಮರಕುಟಿಗ. ನನಗೆ ಮಾತು. ಬೆಂಗಳೂರಲ್ಲಿ ಒಬ್ಬ ಬೆರಳು ಒತ್ತಿದ್ರೆ ಇಲ್ಲಿ ನನಗೆ ಕೇಳ್ತದೆ." ಅವರ ದನಿ ತಗ್ಗಿತು. "ಯಾರದೋ ಮನೆ ಸುದ್ದಿ, ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗ್ತದೆ. ಅದು ಅವರ ಕೈ ಸೇರೋವರೆಗೆ ನಾನು ಮುಖದಲ್ಲಿ ತೋರಿಸೋ ಹಾಗಿಲ್ಲ. ಅವರು ಇದೇ ಬಾಗಿಲ ಮುಂದೆ ನಗ್ತಾ ಹೋಗ್ತಿರ್ತಾರೆ, ನಾನೂ ನಗ್ಬೇಕು. ಇದು ಎಂತದ್ದೂ ಇಲ್ಲದ ಕೆಲಸವೇನಯ್ಯಾ? ಈ ಮೂರು ತಾಲ್ಲೂಕಲ್ಲಿ ಇದಕ್ಕಿಂತ ಒಳ್ಳೇ ಕೆಲಸ ಇದ್ರೆ ತೋರಿಸು!"

ಗಲಾಟೆ ನಿಂತಿತು. ಎಲ್ಲಕ್ಕಿಂತ ಮೊದಲು ಕೇಳಿಸಿದ್ದು ಸೀಸದ ಕಡ್ಡಿಗಳ ಸದ್ದು. ಮಕ್ಕಳು ಗುಣದ ಕಡೆ ಬರೆಯುತ್ತಿದ್ದರು. ಸೀತಾರಾಮ ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

"ಅಪ್ಪಯ್ಯ, ಕೇಳಿಸ್ತಾ?" ಎಂದಳು ಸರೋಜ.

ಹೂವಪ್ಪ ಮಗಳನ್ನು ನೋಡಿದ. ಗದ್ದೆ ನೆನಪಾಗಿರಬೇಕು. ಕಿವಿ ಕೆರೆದುಕೊಂಡ. "ಕೇಳಿಸ್ತು. ಆದ್ರೆ ಇದು ಗಂಡಸರ ಕೆಲಸ ಅಲ್ವನೇ?"

ಸರೋಜ ಕೈಯಲ್ಲಿದ್ದ ಕಡ್ಡಿಯಿಂದ ಮೇಜಿನ ಅಂಚಿನ ಮೇಲೆ ಕುಟ್ಟಿದಳು. ಒಂದು ಉದ್ದ, ಒಂದು ಗಿಡ್ಡ. ತಡೆದು, ಗಿಡ್ಡ, ಉದ್ದ, ಗಿಡ್ಡ.

"ಈ ಊರನ್ನ ತಂತೀಲಿ ಕರೆಯೋದು ಹೀಗೆ ಅಲ್ವಾ ಸಾರ್? ಹೀಗೆ ಬಂದಾಗ ನೀವು ಊಟ ಬಿಟ್ಟೂ ಏಳ್ತೀರಿ. ಬೇರೆ ಥರ ಬಂದ್ರೆ ಏಳೋದಿಲ್ಲ."

ಕರಿಬಸವಯ್ಯನವರು ಕನ್ನಡಕ ತೆಗೆದರು. "ಇದನ್ನ ನಿನಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಸಾರ್. ವಾಸಪ್ಪಣ್ಣನ ಬಸ್ಸು ಹೊರಡೋದು ತಡ. ನಿಮ್ಮ ಜಗಲೀಲೇ ಕಾಯೋದು."

"ನೋಡಿದ್ರಾ!" ಎಂದ ವಾಸಪ್ಪ ಎದೆ ಉಬ್ಬಿಸಿ. "ಬಸ್ಸು ಅಂದ್ರೆ ಸುಮ್ಮನೆ ಅಲ್ಲ!"

ಕರಿಬಸವಯ್ಯನವರು ಇನ್ನೊಂದು ಸಲ ಕುಟ್ಟಿಸಿದರು. ಆಮೇಲೆ ಹೂವಪ್ಪನ ಕಡೆ ತಿರುಗಿದರು. ಕೋಪ ಇಳಿದಿತ್ತು, ಹಳೆಯ ದನಿ ಹಿಂದಿರುಗಿತ್ತು. "ಪರವಾಗಿಲ್ಲ. ಕಿವಿ ತೀರಾ ಕೆಟ್ಟದ್ದೇನಲ್ಲ. ಯುದ್ಧ ಬಂದ ಮೇಲೆ ಬೆಂಗಳೂರಲ್ಲಿ ಹೆಣ್ಣುಮಕ್ಕಳೂ ಈ ಕೆಲಸ ಮಾಡ್ತಾರೆ. ಇಂಗ್ಲಿಷು ಬೇಕು, ಪರೀಕ್ಷೆ ಪಾಸಾಗ್ಬೇಕು. ಶಾಲೆ ಬಿಡಿಸ್ಬೇಡ. ಶನಿವಾರ ಇಲ್ಲಿ ಕೂರ್ಲಿ. ಕಲಿಯೋಕೆ ಎಂತದ್ದೂ ಇಲ್ಲ, ನಾಯಿ ಪಾಡು."

ಈ ಸಲ ಹೌದೆನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮನೆಯಲ್ಲಿ ಹೂವಪ್ಪ ವಿಷಯ ಹೇಳಿದಾಗ ಜಲಜಮ್ಮ ದೀಪದ ಬತ್ತಿ ಹೊಸೆಯುತ್ತಿದ್ದಳು.

"ನಿಮ್ಮಪ್ಪ ಹೋದಾಗ ತಂತಿ ಬಂದಿತ್ತು," ಎಂದಳು. "ಓದೋರು ಯಾರೂ ಇರ್ಲಿಲ್ಲ. ಓದಿಸೋಕೆ ಅಂತ ಕೈಯಲ್ಲಿ ಹಿಡ್ಕೊಂಡು ಮೂರು ಮೈಲಿ ನಡೆದೆ. ಅಷ್ಟು ದೂರವೂ ಅವರು ಇದ್ದಾರೆ ಅಂತಲೇ ನಡೆದೆ."

ಇನ್ನೊಂದು ಬತ್ತಿ ಹೊಸೆದಳು. "ಹೋಗ್ಲಿ. ಕಲೀಲಿ."

ದೀಪಾವಳಿ ಕಳೆಯಿತು. ಮರು ಸೋಮವಾರ ಬೆಳಿಗ್ಗೆ ಹೂವಪ್ಪ ಮಗಳನ್ನು ಬಸ್ಸಿಗೆ ಹತ್ತಿಸಲು ಬಂದಾಗ ವಾಸಪ್ಪ ಕೇಳಿದ, "ಏನು ಹೂವಪ್ಪಣ್ಣ, ಮಗಳು ತಂತಿ ಕಲೀತಾಳಂತೆ. ಹೆಂಗೆ?"

"ಎಂತ ಕಲಿಯೋದು ಮಾರಾಯ," ಎಂದ ಹೂವಪ್ಪ. "ಮಂದ ತಲೆ. ಕಿವಿಯೂ ಅಷ್ಟಕ್ಕಷ್ಟೇ. ಎಷ್ಟು ದಿನವೋ ಏನೋ."

ಕಿಟಕಿಯ ಪಕ್ಕ ಕೂತಿದ್ದ ಸರೋಜಳಿಗೆ ಅದು ಕೇಳಿಸಿತು. ಇನ್ನು ತನ್ನನ್ನು ಯಾರೂ ಶಾಲೆ ಬಿಡಿಸುವುದಿಲ್ಲ ಎಂದು ತಿಳಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಒರಗಿದಳು.

ವಾಸಪ್ಪ ಲೋಕ ಕಂಡವನು. ಹೌದು ಎನ್ನಲಿಲ್ಲ. ಒಲೆಗೆ ಇದ್ದಿಲು ಹಾಕಲು ಬಸ್ಸಿನ ಹಿಂದಕ್ಕೆ ಹೋದ.