ಅಕ್ಕನಿಗೆ ಹಳೇ ಮಾತ್ರೆ, ತಂಗಿಗೆ ಹೊಸದು

ಅಕ್ಕತಂಗಿಯರಿಬ್ಬರೂ ಆ ವರ್ಷ ಒಟ್ಟೊಟ್ಟಿಗೇ ಬಸುರಾದರು. ಅಕ್ಕ ಮೂ ಡಾಗೆ ಅದು ಮೂರನೆಯದು, ಹಿಂದಿನ ಎರಡೂ ನಿಂತಿರಲಿಲ್ಲ. ತಂಗಿ ಲಾ ಸೇಗೆ ಚೊಚ್ಚಲು. ಊರ ಹೆಂಗಸರು ಲಾ ಸೇಯ ಹೊಟ್ಟೆಯ ವಿಷಯವನ್ನು ಅಂಗಳದಲ್ಲಿ ನಿಂತು ಜೋರಾಗಿ ಆಡುತ್ತಿದ್ದರು, ಮೂ ಡಾಳದನ್ನು ಮಾತ್ರ ದನಿ ತಗ್ಗಿಸಿ. ಮೂ ಡಾಗೂ ತನ್ನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಮಗುವಿಗೆಂದು ಒಂದು ಚೂರು ಬಟ್ಟೆಯನ್ನೂ ಅವಳು ನೇಯ್ದಿರಲಿಲ್ಲ.

ವಾರಕ್ಕೊಮ್ಮೆ ಇಬ್ಬರೂ ಗಡಿಯ ಮೊಯ್ ಹೊಳೆ ದಾಟಿ ಆಚೆ ದಡದ ಥಾಯ್ ನೆಲಕ್ಕೆ ಹೋಗುತ್ತಿದ್ದರು. ಅಲ್ಲಿ ಜೋಳದ ಹೊಲಗಳ ನಡುವೆ ತಗಡಿನ ಮಾಡಿನ ಒಂದು ಆಸ್ಪತ್ರೆ. ಬಸುರಿಯರ ಬೆರಳು ಚುಚ್ಚಿ, ಹನಿ ರಕ್ತ ತೆಗೆದು, ಮಲೇರಿಯಾ ಇದೆಯೇ ಎಂದು ನೋಡುತ್ತಿದ್ದರು. ಚಳಿಜ್ವರ ಬಂದು ಗರ್ಭ ಇಳಿದುಹೋಗುವುದು ಆ ಕಡೆ ಹೊಸದಲ್ಲ.

ಮಳೆ ಹಿಡಿದ ಮೇಲೆ ಒಂದೇ ವಾರದಲ್ಲಿ ಇಬ್ಬರ ರಕ್ತದಲ್ಲೂ ಮಲೇರಿಯಾ ಸಿಕ್ಕಿತು. ಸೂಲಗಿತ್ತಿ ಏ ವಾ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡಳು. ಅವಳೂ ಇವರಂತೆ ಕರೆನ್ ಬುಡಕಟ್ಟಿನ ಹೆಂಗಸೇ. ಎಲ್ಲರೂ ಅವಳನ್ನು 'ಥ್ರಾಮು' ಎನ್ನುತ್ತಿದ್ದರು, ಟೀಚರಮ್ಮ ಅಂದ ಹಾಗೆ.

"ಮೊದಲ ತಿಂಗಳುಗಳಲ್ಲಿ ಇಷ್ಟು ವರ್ಷ ಹಳೇ ಮಾತ್ರೆನೇ ಕೊಟ್ಕೊಂಡು ಬಂದಿದೀವಿ," ಎಂದಳು ಥ್ರಾಮು. "ವಿಪರೀತ ಕಹಿ. ವಾರ ಪೂರ್ತಿ ನುಂಗಬೇಕು. ಅರ್ಧಕ್ಕೇ ಬಿಟ್ಟುಬಿಡ್ತಾರೆ, ಜ್ವರ ಮತ್ತೆ ತಿರುಗಿ ಬರುತ್ತೆ. ಹೊಸದು ಮೂರೇ ದಿನ. ಆದರೆ ಇಷ್ಟು ಎಳೇ ಬಸುರಿಗೆ ಅದು ಹೇಗೆ ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಯಾವುದು ಮೇಲು ಅಂತ ತಿಳ್ಕೊಳೋಕೇ ಈ ಸಂಶೋಧನೆ. ಸೇರೋದಾದ್ರೆ ಯಾರಿಗೆ ಯಾವುದು ಅಂತ ಚೀಟಿ ಹೇಳುತ್ತೆ, ನಾನಲ್ಲ. ಬೇಡ ಅಂದ್ರೆ ಹಳೇದೇ ಕೊಡ್ತೀನಿ, ನನಗೇನೂ ಬೇಜಾರಿಲ್ಲ."

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಸೇರಿದರು. ಚೀಟಿಯ ಲಕೋಟೆ ಒಡೆದಾಗ ಮೂ ಡಾಗೆ ಹಳೆಯದು ಬಂತು, ಲಾ ಸೇಗೆ ಹೊಸದು.

"ನೋಡಿದ್ಯಾ, ದೇವರಿಗೂ ನನ್ನ ಕಂಡ್ರೇ ಇಷ್ಟ," ಎಂದು ಲಾ ಸೇ ನಕ್ಕಳು.

"ಥ್ರಾಮು, ಅದಲುಬದಲು ಮಾಡ್ಕೋಬಹುದಾ?" ಮೂ ಡಾ ಕೇಳಿದಳು. "ಇವಳು ಚಿಕ್ಕವಳು, ಕಹಿ ತಡ್ಕೋತಾಳೆ."

"ಆಗಲ್ಲಮ್ಮ."

ಆ ಮಾತ್ರೆಗೆ ತಲೆಯೆಲ್ಲ ಗುಂಯ್‌ಗುಟ್ಟಿ, ವಾರವಿಡೀ ಮೂ ಡಾ ಕಿವಿಯೊಳಗೆ ಜೇನುಹುಳ ಹೊಕ್ಕವಳಂತೆ ಬಿದ್ದುಕೊಂಡಳು. ಅನ್ನ ಕಂಡರೆ ವಾಂತಿ, ಮೀನಿನ ಗೊಜ್ಜಿನ ವಾಸನೆಗೇ ವಾಂತಿ. ಲಾ ಸೇ ಮೂರನೇ ದಿನಕ್ಕೆ ಎದ್ದು ಹೊಲಕ್ಕೆ ಹೋದಳು. "ಅಕ್ಕ, ಇನ್ನೂ ಮಲಗೇ ಇದೀಯ? ಮಹಾರಾಣಿ ಕಣೇ ನೀನು," ಎಂದು ಬಾಗಿಲಲ್ಲಿ ನಿಂತು ಕೀಟಲೆ ಮಾಡಿದಳು.

ಲಾ ಸೇಗೆ ರಕ್ತ ಹೋಗತೊಡಗಿದ್ದು ಜ್ವರ ಬಿಟ್ಟು ಎಷ್ಟೋ ದಿನಗಳಾದ ಮೇಲೆ, ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ. ಮನೆಗೆ ಎತ್ತಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಟ್ಟೆ ಒಗೆದವಳು ಮೂ ಡಾ. ಇದು ನನ್ನದಾಗಬೇಕಿತ್ತಲ್ಲ ಎಂದು ಅವಳಿಗೆ ಮತ್ತೆ ಮತ್ತೆ ಅನ್ನಿಸಿತು. ನನಗಾಗಿದ್ದರೆ ಅಭ್ಯಾಸವಾದರೂ ಇತ್ತು. ಅದಲುಬದಲಿನ ಮಾತು ನೆನಪಾದಾಗ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ನೀರಿನಲ್ಲಿ ಬಿಟ್ಟು ಕೂತಳು.

ಅವ್ವ ಒಲೆಯ ಮುಂದೆ ಕೂತು ಒಂದೇ ಸಮ ಬೈದಳು. "ಕೋಳಿಮರಿಗೆ ಔಷಧ ಹಾಕಿ ನೋಡೋ ಹಾಗೆ ನನ್ನ ಮಗಳಿಗೆ ಹಾಕಿ ನೋಡಿದ್ರು. ಇನ್ನು ಆ ಹೊಳೆ ದಾಟಿದವರು ಈ ಮನೆ ಮೆಟ್ಟಿಲು ಹತ್ತಬೇಡಿ. ಮೂ ಡಾ, ನಿನಗೂ ಸೇರಿಸೇ ಹೇಳ್ತಿರೋದು."

ಆಸ್ಪತ್ರೆಗೆ ಹೋಗುವ ದಿನ ಬಂತು, ಕಳೆಯಿತು. ಹೋಗದೇ ಇರುವುದು ಎಷ್ಟು ಸುಲಭ ಎಂದು ಮೂ ಡಾಗೇ ಆಶ್ಚರ್ಯವಾಯಿತು. ಮುಂದಿನ ವಾರ ಬೆಳಿಗ್ಗೆ ನೋಡಿದರೆ ಲಾ ಸೇ ತಲೆ ಬಾಚಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ಲಿಗೇ?"

"ಆಚೆ ದಡಕ್ಕೆ. ನಂದು ಹೋಯ್ತು ಅಂತ ಅವರಿಗೆ ಗೊತ್ತಾಗಬೇಡ್ವಾ?"

"ಅದನ್ನ ಹೇಳೋಕೆ ನೀನೇ ಹೋಗ್ಬೇಕಾ? ನಿಲ್ಲೋಕೂ ಆಗ್ತಿಲ್ಲ ನಿನ್ನ ಕೈಲಿ."

"ನಾನು ಹೋಗದಿದ್ರೆ, ಆ ಹುಡುಗಿ ಚೆನ್ನಾಗಿದಾಳೆ, ಅದಕ್ಕೇ ಬರ್ಲಿಲ್ಲ ಅಂದ್ಕೋತಾರೆ. ಹೊಸ ಮಾತ್ರೆ ಒಳ್ಳೇದು ಅಂದ್ಕೋತಾರೆ. ಒಳ್ಳೇದೋ ಏನೋ, ನನಗೇನು ಗೊತ್ತು. ಬಾರೇ, ಏಳು."

ಅವ್ವ ಬೆನ್ನು ತಿರುಗಿಸಿ ಅಕ್ಕಿ ಕೇರುತ್ತಿದ್ದಳು. ತಿರುಗಿ ನೋಡಲಿಲ್ಲ, ತಡೆಯಲೂ ಇಲ್ಲ.

ಥ್ರಾಮು ಲಾ ಸೇಯನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದಳು. ಒಳಗೇನೂ ಉಳಿದಿಲ್ಲ, ಸೋಂಕಿಲ್ಲ ಎಂದಳು. ಥ್ರಾಮುವಿನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬೆಳಗಿನಿಂದ ಅವಳು ನೋಡಿದ ಎಷ್ಟನೇ ಹೆಂಗಸೋ ಲಾ ಸೇ.

"ಮಾತ್ರೆನೇ ತೆಗೀತಾ ಅದನ್ನ?" ಲಾ ಸೇ ಮಲಗಿದಲ್ಲಿಂದಲೇ ಕೇಳಿದಳು.

"ಗೊತ್ತಿಲ್ಲ ತಂಗಿ." ಥ್ರಾಮು ಸ್ಟೂಲ್ ಎಳೆದುಕೊಂಡು ಕೂತಳು. "ಜ್ವರವೇ ತೆಗೆದಿರಬಹುದು. ಜ್ವರ, ಮಾತ್ರೆ ಯಾವುದೂ ಇಲ್ಲದವರಿಗೂ ಹೋಗುತ್ತೆ. ಮಾತ್ರೆ ಅಲ್ಲ ಅಂತ ಹೇಳಿ ನಿನ್ನ ಸಮಾಧಾನ ಮಾಡಿದ್ರೆ ಸುಳ್ಳು ಹೇಳಿದ ಹಾಗೆ."

"ಯಾವಾಗ ಗೊತ್ತಾಗುತ್ತೆ?"

"ಇನ್ನೂ ಎಷ್ಟೋ ಜನ ಬರಬೇಕು. ವರ್ಷಗಳೇ ಆಗುತ್ತೆ. ಆವಾಗ್ಲೂ ಗೊತ್ತಾಗೋದು ಎಲ್ಲರಿಗೂ ಸೇರಿಸಿ. ನಿಂದು ಯಾಕೆ ಹೋಯ್ತು ಅಂತ ಆವಾಗ್ಲೂ ಹೇಳೋಕಾಗಲ್ಲ."

ಲಾ ಸೇ ಮೊಣಕೈ ಊರಿ ಅರ್ಧ ಎದ್ದಳು. "ನಂದನ್ನ ಬಿಟ್ಟುಬಿಡಬೇಡಿ ಮತ್ತೆ. ಲೆಕ್ಕಕ್ಕೆ ಹಿಡೀರಿ."

"ಹಿಡೀತೀನಿ. ಅದಕ್ಕೇ ನಾನಿಲ್ಲಿ ಕೂತಿರೋದು."

ಆಮೇಲೆ ಮೂ ಡಾಳ ಸರದಿ. ತಂಗಿ ಆಗಷ್ಟೇ ಎದ್ದ ಮಂಚದ ಮೇಲೆ ಮಲಗಲು ಅವಳಿಗೆ ಮನಸ್ಸಾಗಲಿಲ್ಲ. "ನೀನು ಹೊರಗೆ ಕೂತ್ಕೋ ಹೋಗೇ," ಎಂದಳು. ಲಾ ಸೇ ಹೋಗಲಿಲ್ಲ. ಸ್ಕ್ಯಾನಿಂಗ್ ಯಂತ್ರದ ಪರದೆಯಲ್ಲಿ ಬೂದಿಬಣ್ಣದ ನಡುವೆ ಏನೋ ಮಿಣಮಿಣ ಮಿಡಿಯಿತು. ಥ್ರಾಮು ಬೆರಳಿಟ್ಟು ತೋರಿಸಿದಳು. ಮೂ ಡಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ನೋಡೇ," ಎಂದಳು ಲಾ ಸೇ. "ನೀನು ನೋಡದಿದ್ರೆ ನಾನೇ ನೋಡ್ತೀನಿ."

ಅಲ್ಲಿಂದ ಮುಂದೆ ಮೂ ಡಾ ಹೋಗಲಾರೆ ಎಂದಾಗಲೆಲ್ಲ ಅವಳನ್ನು ಎಬ್ಬಿಸಿ ದೋಣಿ ಹತ್ತಿಸುತ್ತಿದ್ದವಳು ಲಾ ಸೇಯೇ. ಒಮ್ಮೆ ಹಾದಿಯ ನಡುವೆ ಲಾ ಸೇ ಕುಕ್ಕರಿಸಿ ಕೂತುಬಿಟ್ಟಳು. "ನನಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚಾಗ್ತಿದೆ ಅಕ್ಕ," ಎಂದಳು. ಮೂ ಡಾ ಪಕ್ಕದಲ್ಲೇ ಕೂತು ಎಲೆ ಅಡಿಕೆ ಮಡಿಸಿಕೊಟ್ಟಳು. ಇಬ್ಬರೂ ಅಗಿದು, ಉಗಿದು, ಎದ್ದು ನಡೆದರು.

ಜೋಳ ಮುರಿಯುವ ಕಾಲ ಕಳೆದ ಮೇಲೆ ಆಸ್ಪತ್ರೆಯಲ್ಲಿ ಮೂ ಡಾಗೆ ಹೆಣ್ಣುಮಗು ಹುಟ್ಟಿತು, ಸಣ್ಣದು, ಆದರೆ ಗಂಟಲು ದೊಡ್ಡದು. ಅವ್ವ ಕೊನೆಗೂ ಹೊಳೆ ದಾಟಿ ಬಂದಳು. ಮೊಮ್ಮಗಳನ್ನು ಕೈಗೆತ್ತಿಕೊಳ್ಳುವ ಮೊದಲೇ ಥ್ರಾಮುವನ್ನು ಹಿಡಿದು ನಿಲ್ಲಿಸಿದಳು. "ಚಿಕ್ಕವಳದ್ದು ಯಾಕೆ ಹೋಯ್ತು ಅಂತ ಗೊತ್ತಾಯ್ತಾ?"

"ಇಲ್ಲಮ್ಮ. ಇನ್ನೂ ಇಲ್ಲ."

ಅವ್ವ ತಲೆಯಾಡಿಸಿದಳು. ಮಂಚದ ಕಡೆ ನಡೆದಳು. ಲಾ ಸೇ ಗೋಡೆಗೊರಗಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು, ಅಕ್ಕನ ಕೈ ಹಿಡಿದು ರಾತ್ರಿಯೆಲ್ಲ ಕೂತ ದಣಿವು. ಮಗು ಅಳುತ್ತಲೇ ಇತ್ತು. "ಅವಳನ್ನ ಎಬ್ಬಿಸಬೇಡಿ," ಎಂದಳು ಮೂ ಡಾ. ಮಗುವನ್ನು ಎದೆಗೆಳೆದುಕೊಂಡಳು.