ಒಟ್ಲು ಪೈರಿನ ಹಸಿರು

"ನಾಕ್ ಗಂಟೆಗೆ ಎತ್ಬುಡ್ತೀವಿ ಸಾಬ್ರೆ, ಬಿರ್ರನೆ ಒಂದ್ ಫ್ಲೆಕ್ಸ್ ಮಾಡ್ಕೊಡಿ" ಎನ್ನುತ್ತಲೇ ನಾಗರಾಜು ಮದುವೆ ಆಲ್ಬಮ್ಮನ್ನು ಸ್ಟುಡಿಯೊದ ಮೇಜಿನ ಮೇಲೆ ಬಿಡಿಸಿಟ್ಟ. "ನಮ್ಮತ್ಗೆದು ನೆಟ್ಟಗಿರೋ ಫೋಟೊ ಅಂದ್ರೆ ಇದೊಂದೇಯ."

ಮುಸವ್ವಿರ್‌ನ ಕೈ ಮೌಸಿನ ಮೇಲೇ ನಿಂತಿತು. "ಚಿಕ್ಕಬೋರಮ್ಮ ಹೋಗ್ಬುಟ್ರಾ?"

"ಬೆಳಿಗ್ಗೆ ಒಲೆ ಮುಂದೆ ಕೂತಿದ್ದೋರು ಅಂಗೇ ಗೋಡೆಗೆ ಒರಗ್ಕಂಬುಟ್ರು."

ಆರು ವರ್ಷದ ಹಿಂದೆ ಕೆ.ಆರ್. ಪೇಟೆಯ ಇದೇ ಅಂಗಡಿಯಲ್ಲಿ ಮುಸವ್ವಿರನೇ ಮಾಡಿಕೊಟ್ಟ ಆಲ್ಬಮ್ಮು ಅದು. ಧಾರೆ ಮಂಟಪದಲ್ಲಿ ಮಗ ರಘುನಂದನ್, ಸೊಸೆ ರಂಜಿತ, ಪಕ್ಕದಲ್ಲಿ ಚಿಕ್ಕಬೋರಮ್ಮ. ಮುಖಕ್ಕೆ ಮುಖದ ಬಣ್ಣವಿತ್ತು, ಹೂವಿಗೆ ಹೂವಿನದು. ಅವಳ ಸೀರೆ ಬೂದಿ ಬಣ್ಣಕ್ಕಿತ್ತು.

* * *

ಮದುವೆಯಾದ ನಾಲ್ಕನೆಯ ದಿನ ರಘುನಂದನ್ ಒಬ್ಬನೇ ಬಂದಿದ್ದ. ಪಾಂಡವಪುರದ ಕಾಲೇಜಿನಲ್ಲಿ ಮೇಷ್ಟ್ರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅವ್ವ ಇರೋ ಫೋಟೊಗಳಲ್ಲಿ ಸೀರೆ ಹಸಿರು ತೆಗೆದ್ಬುಡಿ. ಗಂಡ ಇಲ್ದೋಳು ಮದುಮಗಳ ಥರ ಉಟ್ಟವ್ಳೆ ಅಂತ ನಾಗಮಂಗಲದ ನೆಂಟ್ರು ಆಡ್ಕೋತಾವ್ರೆ. ಒರಿಜಿನಲ್ಲೂ ಇಟ್ಕೋಬೇಡಿ."

ಇಪ್ಪತ್ತು ವರ್ಷ ಕಂಡವರ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಇವನನ್ನು ಓದಿಸಿದವಳು ಅವಳು. ಅದು ಮುಸವ್ವಿರ್‌ಗೂ ಗೊತ್ತಿತ್ತು. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಕಂಪ್ಯೂಟರಿನಲ್ಲಿ ಹಸಿರೊಂದನ್ನೇ ಆರಿಸಿ ಸೊನ್ನೆಗೆ ಇಳಿಸಿದ, ಒರಿಜಿನಲ್ಲನ್ನೂ ಅಳಿಸಿದ. ಸೀರೆಯ ಜೊತೆಗೆ ಬಾಳೆಕಂಬ, ಮಾವಿನ ತೋರಣ ಎಲ್ಲವೂ ಬೂದಿಯಾದವು.

ಆಲ್ಬಮ್ಮು ಹೋದ ವಾರಕ್ಕೇ ಚಿಕ್ಕಬೋರಮ್ಮ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಸಿಂಧಘಟ್ಟದಿಂದ ಬಸ್ಸಿಗೆ ಬಂದಳು.

"ಇದೇನಪ್ಪಾ, ನನ್ ಸೀರೆಗೆ ಬೂದಿ ಮೆತ್ತಿದ್ದೀಯ? ಬಾಳೆಕಂಬಾನೂ ಒಣಗೋಗವೆ! ಒಟ್ಲಲ್ಲಿ ಎಳೇ ಪೈರು ಇರ್ತದಲ್ಲ, ಆ ಅಸ್ರು ನಂದು. ಮಗನ ಮದ್ವೆಗೆ ಅಂತ ನಾನೇ ಆರ್ಸಿ ತಗಂಡಿದ್ದು. ಒಂದೇ ಒಂದು ಪಟ ಸರ್ಯಾಗಿ ಮಾಡ್ಕೊಡು."

"ಮುಂದಿನ ವಾರ ಬನ್ನಿ ಅಮ್ಮ."

ಮುಂದಿನ ವಾರವೂ ಅದನ್ನೇ ಹೇಳಿದ. ಮೂರನೆಯ ಸಲ ಅವಳು ಬಾಗಿಲಲ್ಲಿ ನಿಂತಾಗ ಅವನಿಗೆ ತಡೆಯಲಾಗಲಿಲ್ಲ. "ಅಮ್ಮ, ಇದು ನಾನಾಗೇ ಮಾಡಿದ್ದಲ್ಲ. ನಿಮ್ಮ..."

ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ ಕಣಪ್ಪ, ಏಳ್ಬ್ಯಾಡ. ನಿನ್ ತಪ್ಪು ಅಂತ್ಲೇ ಇರ್ಲಿ. ಅಂಗಂದ್ಕಂಡ್ರೆ ನಂಗೆ ಅನ್ನ ಸೇರ್ತದೆ."

ಆಮೇಲೆ ಅವಳು ಬರಲಿಲ್ಲ.

* * *

ಮುಸವ್ವಿರ್ ಪುಟವನ್ನು ಸ್ಕ್ಯಾನ್ ಮಾಡಿ, ಸೀರೆಯ ಅಂಚು ಹಿಡಿದು ಹಸಿರು ತುಂಬುತ್ತ ಹೋದ. ಮೊದಲನೆಯದು ಗಿಳಿಹಸಿರಾಯಿತು, ಅಳಿಸಿದ. ಇನ್ನಷ್ಟು ಎಳೆಯದು ಬೇಕಿತ್ತು. ಕೊನೆಗೆ ಪೈರಿನ ಬಣ್ಣ ಸಿಕ್ಕಿತು. ಗಡಿಯಾರ ನೋಡಿದ. ಕಾಲು ಗಂಟೆಯೂ ಆಗಿರಲಿಲ್ಲ.

"ಇದ್ಯಾಕೆ ಸಾಬ್ರೆ ಅಸ್ರು ಮಾಡಿದ್ರಿ?" ಎಂದ ನಾಗರಾಜು.

"ಹಸಿರೇ ಇದ್ದಿದ್ದು."

"ಔದಾ? ನಂಗೆ ಮರ್ತೇ ಓಗಿತ್ತು."

ಫ್ಲೆಕ್ಸ್ ಹಿಡಿದು ಮುಸವ್ವಿರನೂ ಜೊತೆಗೆ ಹೋದ. ಸಿಂಧಘಟ್ಟದ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹೆಣಕ್ಕೆ ಬಿಳಿ ಸೀರೆ ಹೊದಿಸಿತ್ತು. ಫ್ಲೆಕ್ಸನ್ನು ಕಂಬಗಳಿಗೆ ಕಟ್ಟುತ್ತಿದ್ದಂತೆ, ಚಿಕ್ಕಬೋರಮ್ಮನ ಜೊತೆ ನಾಟಿಗೆ ಹೋಗುತ್ತಿದ್ದ ಸಿದ್ದಲಿಂಗಮ್ಮ ಎದೆ ಬಡಿದುಕೊಂಡು ಎದ್ದಳು.

"ಇದೇ ಕಣ್ರವ್ವಾ, ಇದೇ ಸೀರೆ!" ತಟ್ಟನೆ ಮುಸವ್ವಿರ್ ಕಡೆ ತಿರುಗಿದಳು. "ನೀನೇ ಅಲ್ವೇನಪ್ಪ ಫೋಟೊದೋನು? ಇವತ್ತಾಗಿದ್ದು ಅವತ್ಯಾಕಾಗ್ಲಿಲ್ಲ? ಪೇಟೆ ಫೋಟೊದೋನು ನನ್ ಬಣ್ಣ ತಿಂದ್ಬುಟ್ಟ ಅಂತ ಸಾಯಗಂಟ ಅಂತಿದ್ಲಲ್ಲೋ!"

ಕೂತಿದ್ದವರೆಲ್ಲ ತಿರುಗಿದರು. ಮುಸವ್ವಿರ್, ತಾಯಿಯ ಕಾಲ ಬಳಿ ಕೂತಿದ್ದ ರಘುನಂದನ್‌ನನ್ನು ನೋಡಿದ. ಅವನು ಆರಿಹೋದ ಊದುಕಡ್ಡಿಗೆ ಮತ್ತೆ ಮತ್ತೆ ಕಡ್ಡಿ ಗೀರುತ್ತಿದ್ದ. ತಲೆಯೆತ್ತಲಿಲ್ಲ. ನಿಜ ಮುಸವ್ವಿರ್‌ನ ನಾಲಗೆಯ ತುದಿಗೆ ಬಂತು. ಅಡ್ಡ ಹಿಡಿದಿದ್ದ ಆ ಕೈ ನೆನಪಾಯಿತು.

"ತಪ್ಪಾಯ್ತಮ್ಮ" ಎಂದ.

"ಯಾರ್ಗೇಳ್ತೀಯ ಈಗ? ಅವಳ್ಗೆ ಕೇಳಿಸ್ತದಾ?"

ಕೆರೆ ಕಡೆಯಿಂದ ಗಾಳಿ ಎದ್ದಿತು. ಫ್ಲೆಕ್ಸಿನ ಒಂದು ಹಗ್ಗ ಕಿತ್ತು, ಚಿಕ್ಕಬೋರಮ್ಮನ ಮುಖ ಮಡಚಿಕೊಂಡಿತು. "ಯಾರಾನಾ ಇಡ್ಕಳ್ರಲಾ!" ಎಂದು ನಾಗರಾಜು ಕೂಗಿದ. ಎಲ್ಲರಿಗಿಂತ ಮೊದಲು ರಘುನಂದನ್ ಎದ್ದ. ಫ್ಲೆಕ್ಸಿನ ಹಿಂದಕ್ಕೆ ಹೋಗಿ ಎರಡೂ ಅಂಚು ಹಿಡಿದು ಎಳೆದು ನಿಂತ.

ನಾಗರಾಜು ಹಗ್ಗ ತಂದು ಬಿಗಿದ. ಗಾಳಿಯೂ ನಿಂತಿತು. "ಬುಡ್ಲಾ ಮಗ, ಕಟ್ಟಾಯ್ತು" ಎಂದ. ಮುಂದೆ ಕೂತವರಿಗೆ ರಘುನಂದನ್ ಕಾಣುತ್ತಿರಲಿಲ್ಲ. ಹಸಿರು ಸೀರೆಯ ಆಚೆ ಈಚೆ ಅಂಚಿನಲ್ಲಿ ಅವನ ಬೆರಳುಗಳಷ್ಟೇ ಕಾಣುತ್ತಿದ್ದವು. ಅವು ಬಿಡಲಿಲ್ಲ.